ಕಲಿಸುವುದನ್ನೂ ಕಲಿಯಬೇಕು: ಎಂಜಿನಿಯರಿಂಗ್ ಕಾಲೇಜುಗಳ ಹೊಸ ಅಧ್ಯಾಪಕರ ತರಬೇತಿ ಮತ್ತು ಉದ್ಯಮಿಗಳ ಪಾತ್ರ

ಹೊಸದಾಗಿ ಪದವಿ ಪಡೆದ ಎಂಜಿನಿಯರನ್ನು ಕೆಲಸಕ್ಕೆ ನೇಮಿಸಿಕೊಂಡ ಸಣ್ಣ ಕೈಗಾರಿಕೋದ್ಯಮಿಗಳ ನಡುವೆ ಒಂದು ದೂರು ಪದೇ ಪದೇ ಕೇಳಿಬರುತ್ತದೆ. ಅಂಕಪಟ್ಟಿ ಚೆನ್ನಾಗಿಯೇ ಇರುತ್ತದೆ. ಆದರೆ ಅಭ್ಯರ್ಥಿಯನ್ನು ಕೆಲಸಕ್ಕೆ ಒಗ್ಗಿಸಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಸೂತ್ರವನ್ನು ತಪ್ಪಿಲ್ಲದೆ ಬರೆಯಬಲ್ಲವನು ಅದೇ ಸೂತ್ರ ಅಡಗಿರುವ ವಿದ್ಯುತ್ ಬಿಲ್ಲನ್ನು ಓದಲಾರ. ನಕ್ಷೆ ಬಿಡಿಸುವುದರಲ್ಲಿ ಉತ್ತಮ ಅಂಕ ಪಡೆದವಳು ತಿರಸ್ಕೃತವಾಗಿ ಹಿಂದಿರುಗಿದ ಬಿಡಿಭಾಗದ ಮುಂದೆ ನಿಂತು ದೋಷದ ಕಾರಣವನ್ನು ಹುಡುಕಲು ಹಿಂಜರಿಯುತ್ತಾಳೆ. ಈ ಅವಧಿಯ ಸಂಬಳ, ಹಾಳಾದ ಕಚ್ಚಾವಸ್ತು ಮತ್ತು ಹಿರಿಯ ಮೇಸ್ತ್ರಿಯ ಸಮಯ, ಇವೆಲ್ಲವೂ ಉದ್ಯಮಿಯ ಲೆಕ್ಕಕ್ಕೇ ಬೀಳುತ್ತವೆ.

ಈ ಕೊರತೆಗೆ ವಿದ್ಯಾರ್ಥಿಯನ್ನೋ ಪಠ್ಯಕ್ರಮವನ್ನೋ ದೂರುವುದು ವಾಡಿಕೆ. ಆದರೆ ಇವೆರಡರ ನಡುವೆ ನಿಂತಿರುವ ವ್ಯಕ್ತಿಯತ್ತ ಗಮನ ಹರಿಯುವುದು ಕಡಿಮೆ. ಆ ವ್ಯಕ್ತಿಯೇ ಅಧ್ಯಾಪಕ. ಅದರಲ್ಲಿಯೂ ಮೊದಲ ಬಾರಿಗೆ ತರಗತಿಯನ್ನು ಪ್ರವೇಶಿಸುವ ಹೊಸ ಅಧ್ಯಾಪಕನಿಗೆ ಕಲಿಸುವ ವಿದ್ಯೆಯನ್ನು ಯಾರು, ಎಲ್ಲಿ, ಹೇಗೆ ಕಲಿಸುತ್ತಾರೆ ಎಂಬ ಪ್ರಶ್ನೆ ಕೈಗಾರಿಕೆಗಳಿಗೂ ನೇರವಾಗಿ ಸಂಬಂಧಿಸಿದ್ದಾಗಿದೆ.

ಹೊಸ ಅಧ್ಯಾಪಕನ ಸ್ಥಿತಿ

ಶಾಲೆಯಲ್ಲಿ ಪಾಠ ಹೇಳುವವರಿಗೆ ಡಿ.ಎಡ್. ಅಥವಾ ಬಿ.ಎಡ್. ಮಾದರಿಯ ಶಿಕ್ಷಕ ತರಬೇತಿ ಕಡ್ಡಾಯ. ಎಂಜಿನಿಯರಿಂಗ್ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗಾದರೋ ಬಿ.ಇ. ಮತ್ತು ಎಂ.ಟೆಕ್. ಪದವಿಗಳು, ಅವುಗಳಲ್ಲಿ ಒಂದರಲ್ಲಿ ಪ್ರಥಮ ದರ್ಜೆ, ಇವು ಮೂಲ ಅರ್ಹತೆಗಳು. ಬೋಧನಾ ವಿಧಾನದಲ್ಲಿ ಪ್ರತ್ಯೇಕ ಪದವಿಯನ್ನು ನೇಮಕಾತಿಯ ವೇಳೆ ಯಾರೂ ಕೇಳುವುದಿಲ್ಲ. ಹೀಗಾಗಿ ಕೆಲವೇ ತಿಂಗಳ ಹಿಂದೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕುಳಿತಿದ್ದ ಯುವಕ ಅಥವಾ ಯುವತಿ 60 ವಿದ್ಯಾರ್ಥಿಗಳ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲಬೇಕಾಗುತ್ತದೆ.

ಅಂಥವರಿಗೆ ತಿಳಿದಿರುವ ಮಾರ್ಗ ಒಂದೇ: ತಮಗೆ ಹೇಗೆ ಕಲಿಸಲಾಯಿತೋ ಹಾಗೆಯೇ ಕಲಿಸುವುದು. ಹಲಗೆಯ ಮೇಲೆ ಸೂತ್ರವನ್ನು ಸಾಧಿಸುವುದು, ಟಿಪ್ಪಣಿ ಬರೆಸುವುದು, ಹಿಂದಿನ ವರ್ಷಗಳ ಪ್ರಶ್ನೆಗಳನ್ನು ಬಿಡಿಸಿ ತೋರಿಸುವುದು. ಇದರಲ್ಲಿ ಅವರ ಅಪರಾಧವೇನೂ ಇಲ್ಲ. ಲೇತಿನ ಮುಂದೆ ಎಂದೂ ನಿಲ್ಲದವನಿಗೆ ಲೇತಿನ ಪುಸ್ತಕವನ್ನು ಕೊಟ್ಟು ಶಾಫ್ಟ್ ತಿರುಗಿಸೆಂದರೆ ಆಗುವುದೇ ಇಲ್ಲಿಯೂ ಆಗುತ್ತದೆ. ಒಂದೇ ವ್ಯತ್ಯಾಸವೆಂದರೆ, ಕೆಟ್ಟ ಶಾಫ್ಟ್ ಸಂಜೆಯೊಳಗೆ ಕಣ್ಣಿಗೆ ಬೀಳುತ್ತದೆ. ಸರಿಯಾಗಿ ನಾಟದ ಪಾಠವು ನಾಲ್ಕು ವರ್ಷಗಳ ನಂತರ ಯಾರದೋ ಕಾರ್ಖಾನೆಯಲ್ಲಿ ಬಯಲಿಗೆ ಬರುತ್ತದೆ. ಮೊದಲ ಒಂದೆರಡು ವರ್ಷಗಳಲ್ಲಿ ಕೂಡಿಬಂದ ಅಭ್ಯಾಸವು ಅಧ್ಯಾಪಕನ ಮೂವತ್ತು ವರ್ಷಗಳ ವೃತ್ತಿಯುದ್ದಕ್ಕೂ ಮುಂದುವರಿಯುವ ಸಂಭವವಿರುವುದರಿಂದ, ತರಬೇತಿಯನ್ನು ಆರಂಭದಲ್ಲಿಯೇ ಕೊಡುವುದು ಅತ್ಯಗತ್ಯ.

ವಿದ್ಯಾರ್ಥಿ ಕೇಂದ್ರಿತ ಬೋಧನೆ ಎಂದರೇನು?

ವಿದ್ಯಾರ್ಥಿ ಕೇಂದ್ರಿತ ಬೋಧನೆಯೆಂದರೆ ಅಧ್ಯಾಪಕ ಸುಮ್ಮನೆ ಕುಳಿತು ವಿದ್ಯಾರ್ಥಿಗಳನ್ನು ಅವರ ಪಾಡಿಗೆ ಬಿಡುವುದೆಂದು ಅರ್ಥವಲ್ಲ. ಅಧ್ಯಾಪಕ ಏನು ಹೇಳಿ ಮುಗಿಸಿದ ಎಂಬುದರ ಬದಲು, ಆ ಅವಧಿಯ ಕೊನೆಗೆ ವಿದ್ಯಾರ್ಥಿ ಏನನ್ನು ತಾನಾಗಿ ಮಾಡಬಲ್ಲ ಎಂಬುದನ್ನು ಪಾಠದ ಅಳತೆಗೋಲಾಗಿ ಇಟ್ಟುಕೊಳ್ಳುವುದೇ ಇದರ ತಿರುಳು. ಅದಕ್ಕಾಗಿ ತರಗತಿಯ ಸಮಯದ ಒಂದು ಭಾಗವನ್ನು ವಿದ್ಯಾರ್ಥಿಗಳು ಯೋಚಿಸಲು, ಲೆಕ್ಕ ಮಾಡಲು, ಜತೆಗಾರನಿಗೆ ವಿವರಿಸಲು ಮತ್ತು ತಪ್ಪು ಮಾಡಿ ತಿದ್ದಿಕೊಳ್ಳಲು ಮೀಸಲಿಡಲಾಗುತ್ತದೆ. ವಿವರಣೆ ಇದ್ದೇ ಇರುತ್ತದೆ. ಆದರೆ ಅದು ಪ್ರಶ್ನೆ ಹುಟ್ಟಿದ ಮೇಲೆ ಬರುತ್ತದೆ.

ಈ ಪದ್ಧತಿಯ ಕೆಲವು ವಿಧಾನಗಳು ಬಹಳ ಸರಳವಾದುವು. ಮೊದಲು ಒಬ್ಬೊಬ್ಬರೇ ಯೋಚಿಸಿ, ಆಮೇಲೆ ಪಕ್ಕದವರೊಡನೆ ಚರ್ಚಿಸಿ, ಕೊನೆಗೆ ತರಗತಿಗೆ ತಿಳಿಸುವ ಕ್ರಮವನ್ನು ಅಮೆರಿಕದ ಫ್ರಾಂಕ್ ಲೈಮನ್ 1981ರಲ್ಲಿ ರೂಪಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ಸಹಪಾಠಿಗಳೇ ಪರಸ್ಪರ ಕಲಿಸುವ ವಿಧಾನವನ್ನು ಬಳಕೆಗೆ ತಂದರು. ವಿಷಯವನ್ನು ಹಲವು ತುಣುಕುಗಳಾಗಿ ಹಂಚಿ, ಪ್ರತಿಯೊಂದು ಗುಂಪೂ ಒಂದು ತುಣುಕಿನಲ್ಲಿ ಪರಿಣತಿ ಪಡೆದು ಉಳಿದವರಿಗೆ ಕಲಿಸುವ ಜಿಗ್ಸಾ ವಿಧಾನವನ್ನು ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಾಸಿನ ಶಾಲೆಗಳಲ್ಲಿ ಆರಂಭಿಸಿದರು.

ಜಿಗ್ಸಾ ವಿಧಾನವು ಫೌಂಡ್ರಿ ಪಾಠಕ್ಕೆ ಚೆನ್ನಾಗಿ ಒಪ್ಪುತ್ತದೆ. ಎರಕದಲ್ಲಿ ಗಾಳಿಗುಳ್ಳೆ ಬಿದ್ದ ಒಂದು ಬಿಡಿಭಾಗವನ್ನು ತರಗತಿಗೆ ತಂದಿಟ್ಟು, ಒಂದು ಗುಂಪಿಗೆ ಮರಳಿನ ತೇವಾಂಶ, ಇನ್ನೊಂದಕ್ಕೆ ಅಚ್ಚಿನಿಂದ ಅನಿಲ ಹೊರಹೋಗುವ ದಾರಿ, ಮತ್ತೊಂದಕ್ಕೆ ಕರಗಿಸುವ ಕ್ರಮ, ಮಗದೊಂದಕ್ಕೆ ಸುರಿಯುವ ಉಷ್ಣತೆ ಮತ್ತು ವೇಗ, ಹೀಗೆ ಹಂಚಬಹುದು. ಪ್ರತಿ ಗುಂಪಿನಿಂದ ಒಬ್ಬೊಬ್ಬರನ್ನು ತೆಗೆದು ಹೊಸ ಗುಂಪುಗಳನ್ನು ರಚಿಸಿದಾಗ ಅವರು ಒಟ್ಟುಗೂಡಿ ದೋಷದ ಕಾರಣವನ್ನು ಶೋಧಿಸಬೇಕಾಗುತ್ತದೆ. ಬೆಳಗಾವಿಯ ಅಥವಾ ಶಿವಮೊಗ್ಗದ ಫೌಂಡ್ರಿಯೊಂದರಲ್ಲಿ ಮೇಸ್ತ್ರಿಗಳೂ ಮೇಲ್ವಿಚಾರಕರೂ ಕೂಡಿ ಮಾಡುವ ಕೆಲಸವೂ ಇದೇ ಅಲ್ಲವೇ?

ಒಂದು ಪಾಠದ ಮಾದರಿ: ಪವರ್ ಫ್ಯಾಕ್ಟರ್

ಹೊಸ ಅಧ್ಯಾಪಕನಿಗೆ ಕೊಡಬೇಕಾದ ತರಬೇತಿಯ ಸ್ವರೂಪವನ್ನು ತಿಳಿಯಲು ಪ್ರತಿಯೊಬ್ಬ ಉದ್ಯಮಿಗೂ ಪರಿಚಿತವಾದ ಒಂದು ವಿಷಯವನ್ನು ತೆಗೆದುಕೊಳ್ಳಬಹುದು. ಪವರ್ ಫ್ಯಾಕ್ಟರ್ ಕಡಿಮೆಯಾದರೆ ದಂಡಶುಲ್ಕದ ರೂಪದಲ್ಲೋ ಹೆಚ್ಚಿದ ಬೇಡಿಕೆ ಶುಲ್ಕದ ರೂಪದಲ್ಲೋ ಹಣ ಕೈಬಿಡುತ್ತದೆಂಬುದು ಮೋಟಾರುಗಳನ್ನು ನಡೆಸುವವರೆಲ್ಲರಿಗೂ ಗೊತ್ತು. ಹಳೆಯ ಕ್ರಮದ ಪಾಠದಲ್ಲಿ ಅಧ್ಯಾಪಕನು ವ್ಯಾಖ್ಯೆಯನ್ನು ಹೇಳಿ, ಹಲಗೆಯ ಮೇಲೆ ತ್ರಿಕೋನವನ್ನು ಬಿಡಿಸಿ, ಎರಡು ಲೆಕ್ಕಗಳನ್ನು ಮಾಡಿ ತೋರಿಸುತ್ತಾನೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಗಂಟೆ ಬಾರಿಸುತ್ತದೆ.

ಅದೇ 60 ನಿಮಿಷಗಳನ್ನು ಬೇರೊಂದು ರೀತಿಯಲ್ಲಿ ಬಳಸಬಹುದು.

1. ಮೊದಲ 10 ನಿಮಿಷ: ಹೆಸರು ಅಳಿಸಿದ ಒಂದು ಕಾರ್ಖಾನೆಯ ವಿದ್ಯುತ್ ಬಿಲ್ಲಿನ ಪ್ರತಿಯನ್ನು ಹಂಚಲಾಗುತ್ತದೆ. ಯಂತ್ರಗಳು ಅವೇ, ಕೆಲಸವೂ ಅಷ್ಟೇ. ಹಾಗಿದ್ದರೂ ಪವರ್ ಫ್ಯಾಕ್ಟರಿನ ಹೆಸರಿನಲ್ಲಿ ಈ ಮೊತ್ತ ಏಕೆ ಸೇರಿದೆ ಎಂಬ ಪ್ರಶ್ನೆಗೆ ಪ್ರತಿಯೊಬ್ಬರೂ ಒಂದೆರಡು ಸಾಲಿನ ಉತ್ತರ ಬರೆದು ಪಕ್ಕದವರೊಡನೆ ಹೋಲಿಸಿ ನೋಡುತ್ತಾರೆ.

2. ನಂತರದ 15 ನಿಮಿಷ: ಅಧ್ಯಾಪಕನ ವಿವರಣೆ. ಹಳಿಯ ಮೇಲಿರುವ ಟ್ರಾಲಿಯನ್ನು ಪಕ್ಕದಲ್ಲಿ ನಿಂತು ಓರೆಯಾಗಿ ಹಗ್ಗ ಕಟ್ಟಿ ಎಳೆದರೆ ಬಲದ ಒಂದು ಅಂಶ ಮಾತ್ರ ಟ್ರಾಲಿಯನ್ನು ಮುಂದಕ್ಕೆ ಸಾಗಿಸುತ್ತದೆ. ಹಗ್ಗವಾದರೋ ಪೂರ್ತಿ ಬಲವನ್ನು ಹೊರಬೇಕು. ಅದರಂತೆಯೇ ಕೇಬಲ್ಲೂ ಟ್ರಾನ್ಸ್‌ಫಾರ್ಮರೂ ಉಪಯುಕ್ತ ಶಕ್ತಿಗೆ ಬೇಕಾದುದಕ್ಕಿಂತ ಹೆಚ್ಚಿನ ವಿದ್ಯುತ್ ಪ್ರವಾಹವನ್ನು ಹೊರಬೇಕಾಗುತ್ತದೆ.

3. ಮುಂದಿನ 25 ನಿಮಿಷ: ಮೂವರ ಗುಂಪುಗಳಲ್ಲಿ ಲೆಕ್ಕ. ಕಾರ್ಖಾನೆಯ ಹೊರೆ 50 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.8, ಮೂರು ಫೇಸಿನ 415 ವೋಲ್ಟ್ ಸರಬರಾಜು ಎಂದಿಟ್ಟುಕೊಂಡು, ಅದನ್ನು 0.95ಕ್ಕೆ ಏರಿಸಲು ಎಷ್ಟು ಸಾಮರ್ಥ್ಯದ ಕೆಪಾಸಿಟರ್ ಬೇಕೆಂದು ಕಂಡುಹಿಡಿಯಬೇಕು.

4. ಕೊನೆಯ 10 ನಿಮಿಷ: ಚೀಟಿ ಎತ್ತಿ ಆರಿಸಿದ ಗುಂಪು ತನ್ನ ಉತ್ತರವನ್ನು ಸಮರ್ಥಿಸಬೇಕು. ಹೊರಡುವ ಮುನ್ನ ಪ್ರತಿಯೊಬ್ಬರೂ ತಮಗೆ ಅರ್ಥವಾಗದೆ ಉಳಿದ ಒಂದು ಅಂಶವನ್ನು ಚೀಟಿಯಲ್ಲಿ ಬರೆದುಕೊಡಬೇಕು.

ಮೂರನೆಯ ಹಂತದಲ್ಲಿ ಅಧ್ಯಾಪಕನು ಗುಂಪುಗಳ ನಡುವೆ ಓಡಾಡುವಾಗ ಒಂದು ತಪ್ಪು ಕಣ್ಣಿಗೆ ಬೀಳಬಹುದು. 0.8 ಪವರ್ ಫ್ಯಾಕ್ಟರಿನಲ್ಲಿ ಹೊರೆ 62.5 ಕೆ.ವಿ.ಎ.; 0.95ರಲ್ಲಿ ಅದು ಸುಮಾರು 52.6 ಕೆ.ವಿ.ಎ. ಆಗುತ್ತದೆ. ಇವೆರಡರ ವ್ಯತ್ಯಾಸ ಸುಮಾರು 10 ಆದುದರಿಂದ 10 ಕೆ.ವಿ.ಎ.ಆರ್. ಕೆಪಾಸಿಟರ್ ಸಾಕೆಂದು ಬರೆದುಬಿಡುವುದು ಸುಲಭ. ಇದು ಸರಿಯಲ್ಲ. ತ್ರಿಕೋನದ ಓರೆಬಾಹುಗಳನ್ನು ಕಳೆಯುವುದಲ್ಲ, ಲಂಬಬಾಹುಗಳನ್ನು ಕಳೆಯಬೇಕು. ಆಗ ಸಿಗುವ ಉತ್ತರ ಸುಮಾರು 21 ಕೆ.ವಿ.ಎ.ಆರ್. ತಪ್ಪು ಲೆಕ್ಕದಂತೆ 10ರ ಕೆಪಾಸಿಟರನ್ನು ಅಳವಡಿಸಿದರೆ ಪವರ್ ಫ್ಯಾಕ್ಟರ್ 0.88ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ.

ಉಪನ್ಯಾಸದಲ್ಲಿ ಈ ತಪ್ಪು ಬೆಳಕಿಗೆ ಬರುವುದೇ ಇಲ್ಲ. ಹಲಗೆಯ ಮೇಲಿನ ಸರಿಯಾದ ಲೆಕ್ಕವನ್ನು ಎಲ್ಲರೂ ಸರಿಯಾಗಿಯೇ ನಕಲು ಮಾಡಿಕೊಂಡಿರುತ್ತಾರೆ. ತರಗತಿಯಲ್ಲಿ ಹೊರಬಾರದ ತಪ್ಪು ಮುಂದೊಂದು ದಿನ ಉದ್ಯಮಿಯ ಹಣದಲ್ಲಿ ಹೊರಬರುತ್ತದೆ. ವಿದ್ಯಾರ್ಥಿಗಳಿಂದಲೇ ಮಾಡಿಸುವ ಪದ್ಧತಿಯ ಪ್ರಯೋಜನ ಇಲ್ಲಿದೆ: ತಪ್ಪು ಅಗ್ಗವಾಗಿರುವ ಸ್ಥಳದಲ್ಲಿಯೇ ಆಗಿಹೋಗುತ್ತದೆ, ಅಲ್ಲಿಯೇ ತಿದ್ದಲ್ಪಡುತ್ತದೆ.

ಸರಿಯಾದ ಉತ್ತರ ದೊರೆತ ಗುಂಪುಗಳಿಗೆ ಮುಂದಿನ ಪ್ರಶ್ನೆಗಳು ಕಾದಿರುತ್ತವೆ. ವಿದ್ಯುತ್ ಪ್ರವಾಹ ಸುಮಾರು 87 ಆಂಪಿಯರಿನಿಂದ 73 ಆಂಪಿಯರಿಗೆ ಇಳಿದರೆ ಕೇಬಲ್ಲಿನಲ್ಲಿ ಶಾಖವಾಗಿ ವ್ಯಯವಾಗುವ ಶಕ್ತಿ ಎಷ್ಟು ಕಡಿಮೆಯಾಗುತ್ತದೆ? ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಶೇ. 29ರಷ್ಟು. ರಾತ್ರಿ ಯಂತ್ರಗಳು ನಿಂತ ಮೇಲೂ ಕೆಪಾಸಿಟರ್ ಜೋಡಣೆಯಲ್ಲೇ ಉಳಿದರೆ ಏನಾಗುತ್ತದೆ? ಇಂಥ ಪ್ರಶ್ನೆಗಳು ಪಠ್ಯಪುಸ್ತಕವನ್ನು ಕಾರ್ಖಾನೆಯ ಹೊಸ್ತಿಲಿಗೆ ತಂದು ನಿಲ್ಲಿಸುತ್ತವೆ.

ಫಲಿತಾಂಶದ ಆಧಾರಗಳು

ಇದು ಕೇವಲ ಆಕರ್ಷಕ ಕಲ್ಪನೆಯೇ ಅಥವಾ ಫಲ ಕೊಡುವ ಪದ್ಧತಿಯೇ ಎಂಬ ಸಂದೇಹ ವ್ಯಾಪಾರಸ್ಥರಲ್ಲಿ ಮೂಡುವುದು ಸಹಜ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಹ ಸಂಶೋಧಕರು ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದ ಪದವಿ ತರಗತಿಗಳಿಗೆ ಸಂಬಂಧಿಸಿದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಸಾಂಪ್ರದಾಯಿಕ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರ ಪ್ರಮಾಣ ಸರಾಸರಿ ಶೇ. 34ರಷ್ಟಿದ್ದರೆ, ವಿದ್ಯಾರ್ಥಿಗಳು ಸಕ್ರಿಯವಾಗಿ ತೊಡಗುವ ತರಗತಿಗಳಲ್ಲಿ ಅದು ಶೇ. 22ರಷ್ಟಿತ್ತು. 60 ಮಂದಿಯ ತರಗತಿಗೆ ಅನ್ವಯಿಸಿ ಹೇಳುವುದಾದರೆ, ಸುಮಾರು 20 ಮಂದಿಯ ಬದಲು 13 ಮಂದಿ ಅನುತ್ತೀರ್ಣರಾದಂತೆ. ಪರೀಕ್ಷಾ ಅಂಕಗಳಲ್ಲಿಯೂ ಸುಮಾರು ಶೇ. 6ರಷ್ಟು ಏರಿಕೆ ಕಂಡುಬಂದಿತು.

2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶವು ಹೊಸ ಅಧ್ಯಾಪಕರಿಗೆ ಇನ್ನೂ ಮುಖ್ಯವಾದುದು. ಸಕ್ರಿಯ ತರಗತಿಗಳ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಕಲಿತಿರುವುದು ಸ್ಪಷ್ಟವಾಯಿತು. ಆದರೆ ತಾವು ಕಡಿಮೆ ಕಲಿತೆವೆಂದೇ ಅವರು ಭಾವಿಸಿದ್ದರು. ನಿರರ್ಗಳವಾದ ಉಪನ್ಯಾಸವನ್ನು ಕೇಳುವಾಗ ಎಲ್ಲವೂ ತಿಳಿದಂತೆ ತೋರುತ್ತದೆ. ತಾನೇ ಲೆಕ್ಕ ಮಾಡುವಾಗ ತಡವರಿಸಬೇಕಾಗುತ್ತದೆ. ಆ ತಡವರಿಕೆಯೇ ಕಲಿಕೆಯೆಂಬುದನ್ನು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಹೇಳದಿದ್ದರೆ, ವರ್ಷದ ಕೊನೆಯ ಅಭಿಪ್ರಾಯ ಪತ್ರಗಳಲ್ಲಿ ಹೊಸ ಅಧ್ಯಾಪಕನಿಗೆ ಕಡಿಮೆ ಅಂಕ ಬೀಳುತ್ತದೆ. ಪ್ರಾಂಶುಪಾಲರು ಆ ಅಂಕವನ್ನಷ್ಟೇ ನೋಡಿದರೆ, ಆತ ಮತ್ತೆ ಟಿಪ್ಪಣಿ ಬರೆಸುವ ಹಳೆಯ ದಾರಿಯನ್ನೇ ಹಿಡಿಯುತ್ತಾನೆ.

ತರಬೇತಿ ವ್ಯವಸ್ಥೆ ಬೆಳೆದುಬಂದ ಬಗೆ

ತಾಂತ್ರಿಕ ಶಿಕ್ಷಕರಿಗೆ ತರಬೇತಿ ಬೇಕೆಂಬ ಆಲೋಚನೆ ಹೊಸದೇನಲ್ಲ. 1960ರ ದಶಕದಲ್ಲಿಯೇ ಕೇಂದ್ರ ಸರ್ಕಾರವು ಚೆನ್ನೈ, ಕೋಲ್ಕತ್ತ, ಭೋಪಾಲ್ ಮತ್ತು ಚಂಡೀಗಢಗಳಲ್ಲಿ ತಾಂತ್ರಿಕ ಶಿಕ್ಷಕರ ತರಬೇತಿ ಸಂಸ್ಥೆಗಳನ್ನು ಸ್ಥಾಪಿಸಿತು. ಆರಂಭದಲ್ಲಿ ಇವುಗಳ ಗಮನ ಮುಖ್ಯವಾಗಿ ಪಾಲಿಟೆಕ್ನಿಕ್ ಅಧ್ಯಾಪಕರ ಕಡೆಗಿತ್ತು. 2003ರಲ್ಲಿ ಇವುಗಳಿಗೆ ರಾಷ್ಟ್ರೀಯ ತಾಂತ್ರಿಕ ಶಿಕ್ಷಕರ ತರಬೇತಿ ಮತ್ತು ಸಂಶೋಧನಾ ಸಂಸ್ಥೆಗಳೆಂಬ ಹೆಸರು ಬಂದಿತು. ದಕ್ಷಿಣದ ರಾಜ್ಯಗಳಿಗೆ ಚೆನ್ನೈ ಸಂಸ್ಥೆಯೇ ಕೇಂದ್ರ. ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರಿಗಾಗಿ 1970ರಲ್ಲಿ ಗುಣಮಟ್ಟ ಸುಧಾರಣಾ ಕಾರ್ಯಕ್ರಮ ಆರಂಭವಾಯಿತಾದರೂ, ಅವರು ಐ.ಐ.ಟಿ.ಗಳಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಉನ್ನತ ಪದವಿ ಪಡೆಯಲು ನೆರವಾಗುವುದೇ ಅದರ ಮುಖ್ಯ ಉದ್ದೇಶವಾಗಿತ್ತು. ಅಂದರೆ ವಿಷಯಜ್ಞಾನಕ್ಕೆ ದೊರೆತ ಆದ್ಯತೆ ಬೋಧನಾ ಕೌಶಲಕ್ಕೆ ದೊರೆಯಲಿಲ್ಲ.

ಕರ್ನಾಟಕದಲ್ಲಿ 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಕಾಲೇಜುಗಳ ಸಂಖ್ಯೆ ಬೆಳೆದಂತೆ ಅಧ್ಯಾಪಕರ ಬೇಡಿಕೆಯೂ ಬೆಳೆಯಿತು. 2008ರಲ್ಲಿ ಇನ್ಫೋಸಿಸ್ ಸಂಸ್ಥೆಯ ಮೈಸೂರು ಆವರಣದಲ್ಲಿ ಭಾರತ–ಅಮೆರಿಕ ಸಹಯೋಗದ ಒಕ್ಕೂಟವೊಂದು ಏರ್ಪಡಿಸಿದ ಕಾರ್ಯಾಗಾರಗಳಲ್ಲಿ ದೇಶದ ನೂರಾರು ಎಂಜಿನಿಯರಿಂಗ್ ಅಧ್ಯಾಪಕರು ಪರಿಣಾಮಕಾರಿ ಬೋಧನೆಯ ತರಬೇತಿ ಪಡೆದರು. ಐಯುಸಿಇಇ ಎಂಬ ಹೆಸರಿನಿಂದ ಪರಿಚಿತವಾಗಿರುವ ಆ ಒಕ್ಕೂಟವು ಮುಂದೆ ಎಂಜಿನಿಯರಿಂಗ್ ಅಧ್ಯಾಪಕರಿಗಾಗಿ ಪ್ರಮಾಣಪತ್ರ ಶಿಕ್ಷಣವನ್ನೂ ರೂಪಿಸಿತು. ಹುಬ್ಬಳ್ಳಿಯಲ್ಲಿ 1947ರಲ್ಲಿ ಆರಂಭವಾದ ಬಿ.ವಿ.ಬಿ. ಕಾಲೇಜು ಬೆಳೆದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾದ ಮೇಲೆ, ಅಲ್ಲಿ ಮೊದಲ ವರ್ಷದಲ್ಲಿಯೇ ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳು ತಂಡವಾಗಿ ಒಂದು ಸಮಸ್ಯೆಗೆ ಪರಿಹಾರ ರೂಪಿಸಿ, ಅದರ ಮಾದರಿಯನ್ನು ಕೈಯಾರೆ ತಯಾರಿಸುವ ಪಾಠಕ್ರಮ ಜಾರಿಗೆ ಬಂದಿತು.

2014ರ ಜೂನ್ 13ರಂದು ಭಾರತವು ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯತ್ವ ಪಡೆದುದು ಮತ್ತೊಂದು ಘಟ್ಟ. ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮಾನ್ಯತೆ ಪಡೆಯಬೇಕಾದರೆ, ಕಟ್ಟಡ ಮತ್ತು ಉಪಕರಣಗಳ ಪಟ್ಟಿಯನ್ನಷ್ಟೇ ಅಲ್ಲ, ವಿದ್ಯಾರ್ಥಿಗಳು ಏನನ್ನು ಮಾಡಬಲ್ಲವರಾದರು ಎಂಬುದನ್ನೂ ಕಾಲೇಜುಗಳು ತೋರಿಸಬೇಕಾಯಿತು. ಇದರ ಬೆನ್ನಲ್ಲೇ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಹೊಸ ಅಧ್ಯಾಪಕರಿಗಾಗಿ ಎನ್.ಐ.ಟಿ.ಟಿ.ಟಿ. ಎಂಬ ರಾಷ್ಟ್ರೀಯ ತರಬೇತಿ ಯೋಜನೆಯನ್ನು ತಂದಿತು. ಇದರಲ್ಲಿ ಮೂರು ಹಂತಗಳಿವೆ: ಸ್ವಯಂ ಜಾಲದ ಮೂಲಕ ಎಂಟು ಪಾಠ ಘಟಕಗಳ ಅಧ್ಯಯನ, ಹಿರಿಯ ಮಾರ್ಗದರ್ಶಿಯ ಅಡಿಯಲ್ಲಿ ಬೋಧನೆಯ ಅಭ್ಯಾಸ ಮತ್ತು ಕೈಗಾರಿಕೆಯಲ್ಲಿ ತರಬೇತಿ. ಪಾಠ ಯೋಜನೆ, ಸಂವಹನ, ವಿದ್ಯಾರ್ಥಿಗಳ ಮೌಲ್ಯಮಾಪನ, ವೃತ್ತಿ ನೀತಿ ಮತ್ತು ಸೃಜನಶೀಲ ಸಮಸ್ಯಾ ಪರಿಹಾರಗಳು ಆ ಎಂಟು ಘಟಕಗಳಲ್ಲಿ ಸೇರಿವೆ.

ತರಬೇತಿ ಹೇಗಿದ್ದರೆ ಫಲಕಾರಿ?

ಕಾಗದದ ಮೇಲೆ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಆದರೆ ಮೂರು ಹಂತಗಳಲ್ಲಿ ಸುಲಭವಾಗಿ ನೆರವೇರುವುದು ಮೊದಲನೆಯದು ಮಾತ್ರ. ವಿಡಿಯೋ ಪಾಠಗಳನ್ನು ನೋಡಿ, ಪರೀಕ್ಷೆ ಬರೆದು, ಪ್ರಮಾಣಪತ್ರ ಪಡೆಯಬಹುದು. ಐದಾರು ದಿನಗಳ ಕಾರ್ಯಾಗಾರಕ್ಕೆ ಹಾಜರಾಗಿ ಬರಬಹುದು. ಅನೇಕ ಕಾರ್ಯಾಗಾರಗಳಲ್ಲಿ ಕಂಡುಬರುವ ವಿಪರ್ಯಾಸವೆಂದರೆ, ಉಪನ್ಯಾಸ ಮಾತ್ರ ಸಾಲದೆಂಬ ವಿಷಯವನ್ನೇ ದಿನವಿಡೀ ಉಪನ್ಯಾಸದ ಮೂಲಕ ತಿಳಿಸಲಾಗುತ್ತದೆ.

ಕಲಿಸುವುದೂ ಒಂದು ಕಸುಬು. ಫಿಟ್ಟರ್ ಆಗಲಿ ವೆಲ್ಡರ್ ಆಗಲಿ ಪಳಗಿದ ಕೈಯ ಪಕ್ಕದಲ್ಲಿ ನಿಂತು, ಮಾಡಿ, ತಿದ್ದಿಸಿಕೊಂಡು ಕಲಿಯುವಂತೆಯೇ ಅಧ್ಯಾಪಕನೂ ಕಲಿಯಬೇಕು. ಇದಕ್ಕೆ ನಾಲ್ಕು ಅಂಶಗಳು ಮುಖ್ಯ.

ಮೊದಲನೆಯದು ಸೂಕ್ಷ್ಮ ಬೋಧನೆ. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆ್ಯಲನ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನದಲ್ಲಿ, ಹೊಸ ಶಿಕ್ಷಕನು ಕೆಲವೇ ನಿಮಿಷಗಳ ಪಾಠವನ್ನು ಸಣ್ಣ ಗುಂಪಿಗೆ ಮಾಡಿ, ವಿಮರ್ಶೆಯನ್ನು ಕೇಳಿ, ಅದೇ ಪಾಠವನ್ನು ತಿದ್ದಿ ಮತ್ತೆ ಮಾಡುತ್ತಾನೆ. ಪ್ರಶ್ನೆ ಕೇಳಿ ಉತ್ತರಕ್ಕಾಗಿ ಮೌನವಾಗಿ ಕಾಯುವುದೇ ಎಷ್ಟು ಕಷ್ಟವೆಂಬುದು ಆಗ ಅರಿವಾಗುತ್ತದೆ.

ಎರಡನೆಯದು ತರಗತಿಯ ನಿರ್ವಹಣೆ. ಗುಂಪು ಮಾಡುವ ಮೊದಲೇ ಪ್ರಶ್ನೆಯನ್ನು ಸ್ಪಷ್ಟವಾಗಿ ಹೇಳುವುದು, ಸಮಯದ ಮಿತಿ ಹಾಕುವುದು, ಲೆಕ್ಕ ಮಾಡುವವರು, ಪರಿಶೀಲಿಸುವವರು, ವಿವರಿಸುವವರು ಎಂದು ಕೆಲಸ ಹಂಚುವುದು, ಉತ್ತರ ಹೇಳಲು ಯಾರನ್ನು ಬೇಕಾದರೂ ಕರೆಯುವುದು ಮುಂತಾದ ಸಣ್ಣ ಉಪಾಯಗಳನ್ನು ತಿಳಿಯದಿದ್ದರೆ ಗುಂಪಿನಲ್ಲಿ ಒಬ್ಬನು ದುಡಿದು ಇಬ್ಬರು ಹರಟುತ್ತಾರೆ. ಪ್ರಯೋಗ ಕೆಟ್ಟಿತೆಂದು ಅಧ್ಯಾಪಕನು ಅದನ್ನು ಕೈಬಿಡುತ್ತಾನೆ.

ಮೂರನೆಯದು ಹಿರಿಯರ ವೀಕ್ಷಣೆ. ಮೊದಲ ವರ್ಷದಲ್ಲಿ ಮಾರ್ಗದರ್ಶಿಯು ಹೊಸಬನ ತರಗತಿಯ ಹಿಂದಿನ ಬೆಂಚಿನಲ್ಲಿ ಹಲವು ಬಾರಿ ಕುಳಿತು ನೋಡಬೇಕು; ಹೊಸಬನೂ ಮಾರ್ಗದರ್ಶಿಯ ತರಗತಿಯನ್ನು ನೋಡಬೇಕು. ಇದು ತಪ್ಪು ಹುಡುಕುವ ತನಿಖೆಯಾಗದೆ, ಮೇಸ್ತ್ರಿಯು ಹೆಗಲ ಮೇಲಿಂದ ನೋಡಿ ಕೈ ತಿದ್ದುವಂತೆ ಇರಬೇಕು.

ನಾಲ್ಕನೆಯದು ಪ್ರಶ್ನೆಪತ್ರಿಕೆ ರಚನೆಯ ಅಭ್ಯಾಸ. ತರಗತಿಯಲ್ಲಿ ಕಾರಣ ಶೋಧಿಸಲು ಕಲಿಸಿ ಪರೀಕ್ಷೆಯಲ್ಲಿ ವ್ಯಾಖ್ಯೆಯನ್ನು ಕೇಳಿದರೆ ವಿದ್ಯಾರ್ಥಿಗಳು ವ್ಯಾಖ್ಯೆಯನ್ನೇ ಉರು ಹೊಡೆಯುತ್ತಾರೆ. ಪರೀಕ್ಷೆ ಬದಲಾಗದೆ ಪಾಠ ಬದಲಾಗದು.

ಎದುರಾಗುವ ಅಡಚಣೆಗಳು

ತರಬೇತಿ ಪಡೆದು ಉತ್ಸಾಹದಿಂದ ಹಿಂದಿರುಗಿದ ಅಧ್ಯಾಪಕನಿಗೆ ಕಾಲೇಜಿನಲ್ಲಿ ಬೇರೊಂದು ಚಿತ್ರ ಕಾಣಬಹುದು. ಪಾಠಗಳನ್ನು ಪೂರ್ಣಗೊಳಿಸಬೇಕೆಂಬ ಒತ್ತಡ, ನೆಲಕ್ಕೆ ಬಿಗಿದ ಉದ್ದನೆಯ ಬೆಂಚುಗಳು, ಪ್ರವೇಶ ಪ್ರಚಾರ ಮತ್ತು ದಾಖಲೆ ತಯಾರಿಕೆಯಂಥ ಕೆಲಸಗಳು, ಕೆಲವು ಖಾಸಗಿ ಸಂಸ್ಥೆಗಳಲ್ಲಿ ಅಲ್ಪ ಸಂಬಳ ಮತ್ತು ಅನಿಶ್ಚಿತ ನೌಕರಿ, ಇವು ಸಾಮಾನ್ಯ ತೊಡಕುಗಳು. ಪವರ್ ಫ್ಯಾಕ್ಟರಿನಂಥ ಒಂದು ಪಾಠವನ್ನು ಹೊಸ ಕ್ರಮದಲ್ಲಿ ಮೊದಲ ಬಾರಿಗೆ ಸಿದ್ಧಪಡಿಸಲು ತರಗತಿಯ ಅವಧಿಗಿಂತ ಎಷ್ಟೋ ಹೆಚ್ಚು ಸಮಯ ಬೇಕು. ಆ ಸಮಯವನ್ನು ಕೊಡದೆ ಫಲವನ್ನು ನಿರೀಕ್ಷಿಸಲಾಗದು.

ಆದಕಾರಣ ಎಲ್ಲವನ್ನೂ ಒಮ್ಮೆಗೇ ಬದಲಿಸುವ ಹಠ ಬೇಡ. ಮೊದಲ ಸೆಮಿಸ್ಟರಿನಲ್ಲಿ ಪ್ರತಿ ತರಗತಿಗೂ ಐದು ನಿಮಿಷಗಳ ಒಂದೇ ಒಂದು ಚಟುವಟಿಕೆ. ಪ್ರತಿ ಘಟಕಕ್ಕೂ ಇಡೀ ಅವಧಿಯ ಒಂದೇ ಒಂದು ಸಮಸ್ಯೆ. ಹೀಗೆ ಆರಂಭಿಸಿದವರು ಮೂರು ವರ್ಷಗಳಲ್ಲಿ ತಮ್ಮದೇ ಆದ ಸಾಮಗ್ರಿಯ ಸಂಗ್ರಹವನ್ನು ಕಟ್ಟಿಕೊಳ್ಳಬಲ್ಲರು.

ವರ್ತಕರು ಮತ್ತು ಉತ್ಪಾದಕರು ಮಾಡಬಹುದಾದುದು

ಈ ಕಾರ್ಯದಲ್ಲಿ ಉದ್ಯಮಿಗಳ ಪಾಲು ದೇಣಿಗೆಗೆ ಸೀಮಿತವಲ್ಲ. ಹಣಕ್ಕಿಂತ ಹೆಚ್ಚು ಬೆಲೆಯುಳ್ಳ ವಸ್ತುವೊಂದು ಅವರ ಬಳಿಯಿದೆ: ನಿಜವಾದ ಸಮಸ್ಯೆಗಳು.

1. ಸಮಸ್ಯೆಗಳ ಸಂಗ್ರಹ: ತಿರಸ್ಕೃತ ಬಿಡಿಭಾಗ, ಹಳೆಯ ನಕ್ಷೆ, ವಿದ್ಯುತ್ ಬಿಲ್, ಯಂತ್ರ ಕೆಟ್ಟು ನಿಂತ ದಿನದ ಟಿಪ್ಪಣಿ, ಗ್ರಾಹಕನ ದೂರಿನ ಪತ್ರ, ಇವೆಲ್ಲವೂ ಪಾಠದ ಸಾಮಗ್ರಿ. ಸಂಸ್ಥೆಯ ಹೆಸರು, ದರ ಮತ್ತು ಗ್ರಾಹಕರ ವಿವರಗಳನ್ನು ತೆಗೆದುಹಾಕಿ, ವಾಣಿಜ್ಯ ಸಂಸ್ಥೆಯ ಮೂಲಕ ಸ್ಥಳೀಯ ಕಾಲೇಜುಗಳಿಗೆ ಒದಗಿಸಿದರೆ ವ್ಯವಹಾರದ ಗುಟ್ಟೂ ಉಳಿಯುತ್ತದೆ.

2. ಅಧ್ಯಾಪಕರಿಗೆ ಅವಕಾಶ: 60 ವಿದ್ಯಾರ್ಥಿಗಳ ಬಸ್ಸು ಬಂದು ಅರ್ಧ ಗಂಟೆ ಸುತ್ತಾಡಿ ಛಾಯಾಚಿತ್ರ ತೆಗೆಸಿಕೊಂಡು ಹೋಗುವ ಭೇಟಿಗಿಂತ, ಒಬ್ಬ ಹೊಸ ಅಧ್ಯಾಪಕನು ಎರಡು ಮೂರು ವಾರ ಕಾರ್ಖಾನೆಯಲ್ಲಿ ಇದ್ದುಹೋಗುವುದು ಹೆಚ್ಚು ಫಲದಾಯಕ. ಆತನಿಂದ ಆ ಬಳಿಕ ಪ್ರತಿ ವರ್ಷ ಹಲವಾರು ವಿದ್ಯಾರ್ಥಿಗಳು ಕಲಿಯುತ್ತಾರೆ. ರಾಷ್ಟ್ರೀಯ ಯೋಜನೆಯ ಮೂರನೆಯ ಹಂತವು ಕೇಳುವುದೂ ಇದನ್ನೇ. ಆದರೆ ಆತನನ್ನು ಅತಿಥಿಯಂತೆ ಕೂರಿಸದೆ, ಒಂದು ಯಂತ್ರದ ಸೆಟ್ಟಿಂಗ್ ಸಮಯವನ್ನು ಅಳೆಯುವುದು ಅಥವಾ ಒಂದು ವಾರದ ದೋಷಗಳನ್ನು ವರ್ಗೀಕರಿಸುವುದು ಮುಂತಾದ ನಿರ್ದಿಷ್ಟ ಕೆಲಸವನ್ನು ವಹಿಸಬೇಕು. ಸುರಕ್ಷತಾ ನಿಯಮಗಳನ್ನು ಮೊದಲ ದಿನವೇ ತಿಳಿಸಬೇಕು.

3. ಮೌಲ್ಯಮಾಪನದಲ್ಲಿ ಭಾಗ: ಅಂತಿಮ ವರ್ಷದ ಯೋಜನೆಗಳ ಪರಿಶೀಲನೆಗೆ ಹೋಗುವ ಉದ್ಯಮಿಯು ವೆಚ್ಚ ಎಷ್ಟು, ಕೆಟ್ಟರೆ ದುರಸ್ತಿ ಹೇಗೆ, ಇದನ್ನು ಯಾರು ಕೊಳ್ಳುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಮುಂದಿನ ವರ್ಷದ ಯೋಜನೆಗಳ ದಿಕ್ಕು ಬದಲಾಗುತ್ತದೆ.

4. ನೇಮಕಾತಿಯಲ್ಲಿ ಪ್ರಶ್ನೆಯ ಬದಲಾವಣೆ: ಸಂದರ್ಶನದಲ್ಲಿ ಅಂಕಗಳ ಜತೆಗೆ ಅಭ್ಯರ್ಥಿಯು ಏನನ್ನು ಮಾಡಿದ್ದಾನೆ, ಎಲ್ಲಿ ತಪ್ಪಿದ, ಹೇಗೆ ತಿದ್ದಿಕೊಂಡ ಎಂದು ವಿಚಾರಿಸುವ ರೂಢಿ ಬಂದರೆ, ಆ ಬೇಡಿಕೆಯ ಸುದ್ದಿ ತರಗತಿಗಳಿಗೆ ಬೇಗನೆ ತಲುಪುತ್ತದೆ.

5. ಆಡಳಿತ ಮಂಡಳಿಗಳಲ್ಲಿ ಧ್ವನಿ: ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ಸದಸ್ಯರಾಗಿರುವ ಉದ್ಯಮಿಗಳು, ಹೊಸ ಅಧ್ಯಾಪಕರಿಗೆ ಮೊದಲ ವರ್ಷ ಬೋಧನಾ ಹೊರೆಯನ್ನು ಸ್ವಲ್ಪ ಕಡಿಮೆ ಮಾಡುವಂತೆ, ಮಾರ್ಗದರ್ಶಿಯ ಸಮಯವನ್ನು ಅಧಿಕೃತ ಕೆಲಸವೆಂದು ಪರಿಗಣಿಸುವಂತೆ ಒತ್ತಾಯಿಸಬಹುದು. ಹೊಸ ಯಂತ್ರ ಬಂದಾಗ ಅದನ್ನು ಹದಕ್ಕೆ ತರಲು ಸಮಯ ಕೊಡುವುದು ಪ್ರತಿಯೊಬ್ಬ ಉತ್ಪಾದಕನಿಗೂ ತಿಳಿದ ವಿವೇಕವೇ ಆಗಿದೆ.

ಸಮಾರೋಪ

ತರಬೇತಿಯಿಲ್ಲದೆ ತರಗತಿಗೆ ಇಳಿದ ಅಧ್ಯಾಪಕನ ಕೊರತೆಯ ಬೆಲೆಯನ್ನು ಕಟ್ಟಕಡೆಗೆ ತೆರುವವರು ಇಬ್ಬರು: ನಾಲ್ಕು ವರ್ಷ ಕಳೆದುಕೊಂಡ ವಿದ್ಯಾರ್ಥಿ ಮತ್ತು ಮತ್ತೆ ಮೊದಲಿನಿಂದ ಕಲಿಸಬೇಕಾದ ಉದ್ಯಮಿ. ದೊಡ್ಡ ಕಂಪನಿಗಳು ತಮ್ಮದೇ ತರಬೇತಿ ಕೇಂದ್ರಗಳನ್ನು ನಡೆಸಿ ಈ ವೆಚ್ಚವನ್ನು ಭರಿಸಬಲ್ಲವು. ಹತ್ತಿಪ್ಪತ್ತು ಕೆಲಸಗಾರರ ಘಟಕಕ್ಕೆ ಆ ಅನುಕೂಲವಿಲ್ಲ. ಅದಕ್ಕೆ ಸಮೀಪದ ಕಾಲೇಜೇ ತರಬೇತಿ ಕೇಂದ್ರ.

ಆದುದರಿಂದ ಪ್ರತಿ ಜಿಲ್ಲೆಯ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳು ಮುಂಬರುವ ಶೈಕ್ಷಣಿಕ ವರ್ಷಕ್ಕೆ ಒಂದು ಸಣ್ಣ ಸಂಕಲ್ಪವನ್ನು ಮಾಡಬಹುದು. ಹತ್ತು ಸದಸ್ಯರು ತಲಾ ಒಂದು ನೈಜ ಸಮಸ್ಯೆಯನ್ನು ಬರೆದುಕೊಡುವುದು, ಐವರು ತಲಾ ಒಬ್ಬ ಹೊಸ ಅಧ್ಯಾಪಕನಿಗೆ ತಮ್ಮ ಕಾರ್ಖಾನೆಯಲ್ಲಿ ಸ್ಥಳ ಕೊಡುವುದು. ಇಷ್ಟಕ್ಕೆ ಸರ್ಕಾರದ ಅನುಮತಿಯೂ ದೊಡ್ಡ ನಿಧಿಯೂ ಬೇಕಾಗಿಲ್ಲ. ಕಾರ್ಖಾನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿರುವ ತಿರಸ್ಕೃತ ಎರಕವೊಂದು ತರಗತಿಯ ಮೇಜನ್ನು ಏರಿದರೆ, ನಷ್ಟದ ಬಾಬತ್ತಿಗೆ ಸೇರಿದ ಆ ವಸ್ತುವಿನಿಂದಲೂ ಒಂದಿಷ್ಟು ಲಾಭವನ್ನು ಹುಟ್ಟಿಸಿದಂತಾಗುತ್ತದೆ.